ಸೂಜಿಗೆ ಸಿಕ್ಕ ಗಾಜುಮೀನು

ಎರಡು ಬಕೆಟ್ ತುಂಬ ಮೀನು ಹೊತ್ತುಕೊಂಡು ನರ್ಸಮ್ಮ ಅಣ್ಣನ ಅಕ್ವೇರಿಯಂ ಅಂಗಡಿಗೆ ಬಂದಾಗ ಮುಂದೆ ಯಾರೂ ಇರಲಿಲ್ಲ.

ಬೆರಳಿನ ಗೆಣ್ಣುದ್ದದ ಊರ ಕೆರೆಯ ಮೀನು. ಮೈಯೆಲ್ಲ ಗಾಜು, ಒಳಗಿನ ಮುಳ್ಳು ಎಣಿಸಬಹುದು. ಒಂದು ಬೊಗಸೆ ತಂದು ಹಿತ್ತಲಿನ ಕೊಳದಲ್ಲಿ ಬಿಟ್ಟದ್ದು ಐದು ವರ್ಷದಲ್ಲಿ ಇನ್ನೂರಾಗಿತ್ತು. ಮಕ್ಕಳ ವಾರ್ಡಿನಲ್ಲಿ ದಿನವಿಡೀ ನರ ಹುಡುಕಿ ಸೋತ ಕಣ್ಣಿಗೆ, ಹುಡುಕದೆಯೇ ಎಲ್ಲ ಕಾಣುವ ಆ ಮೈ ನೋಡಿದರೆ ಹಾಯೆನಿಸುತ್ತಿತ್ತು. ಹೋದ ತಿಂಗಳು ನಲವತ್ತು ಒಯ್ದ ಅಣ್ಣ ಉಳಿದವನ್ನೂ ಕೇಳಿದಾಗ ಹಿಗ್ಗಿಹೋಗಿದ್ದಳು.

ಹಿಂದಿನ ಕೋಣೆಯಲ್ಲಿ ಅಣ್ಣ ಒದ್ದೆ ಬಟ್ಟೆಯ ಮೇಲೆ ಒಂದು ಮೀನನ್ನು ಹೆಬ್ಬೆರಳಲ್ಲಿ ಅದುಮಿ ಹಿಡಿದಿದ್ದ. ಇನ್ನೊಂದು ಕೈಯಲ್ಲಿ ಬಣ್ಣ ತುಂಬಿದ ಸಿರಿಂಜು. ಪಕ್ಕದ ಬೋಗುಣಿಯಲ್ಲಿ ಅವಳ ಮೀನುಗಳೇ ಗುಲಾಬಿ, ಹಸಿರು, ನೇರಳೆಯಾಗಿ ಓಲಾಡುತ್ತಿದ್ದವು. ಚುಚ್ಚಿದ ಕಡೆ ಹತ್ತಿಯಂಥ ಬಿಳಿ ಬೂಷ್ಟು. ಕೊಳೆತ ವಾಸನೆ ಬೇರೆ.

ಸೂಜಿ ಅವಳೇ ಕೊಂಡುಕೊಟ್ಟದ್ದು. ಮೀನಿಗೆ ಔಷಧಿ ಹಾಕಬೇಕು ಎಂದಿದ್ದ. ಯಾವ ಔಷಧಿ, ಏನು ಕಾಯಿಲೆ ಎಂದು ಕೇಳದೆ, ಟೊಮೆಟೊ ಹಿಡಿದು ಸಿಪ್ಪೆಯಡಿ ಸೂಜಿ ಓಡಿಸುವುದನ್ನೂ ಕಲಿಸಿಕೊಟ್ಟಿದ್ದಳು.

"ಒಳ್ಳೇ ಹೊತ್ತಿಗೆ ಬಂದೆ ಕಣೇ," ಎಂದ ಅಣ್ಣ. "ನನ್ನ ಕೈ ನಡುಗುತ್ತೆ, ಹತ್ತರಲ್ಲಿ ಆರು ಹೋಗ್ತವೆ. ನಿನ್ನ ಕೈಯಾದ್ರೆ ಒಂದೂ ಸಾಯಲ್ಲ. ಕೂತ್ಕೋ, ಟೀ ಕುಡಿ."

ಬಣ್ಣ ಮೆತ್ತಿದ ಹೆಬ್ಬೆರಳಿನ ಗುರುತು ಲೋಟದ ಅಂಚಿನಲ್ಲಿ ಅಂಟಿತ್ತು. ಅವಳು ಮುಟ್ಟಲಿಲ್ಲ.

"ಬಣ್ಣ ಎಷ್ಟು ದಿನ ಇರುತ್ತಣ್ಣ?"

"ಎರಡು ತಿಂಗಳು. ಮೀನೂ ಹೆಚ್ಚುಕಮ್ಮಿ ಅಷ್ಟೇ."

"ಥೂ."

"ಏನು ಥೂ? ಮಕ್ಕಳಿಗೇ ಚುಚ್ಚೋಳು ನೀನು."

"ಬದುಕಲಿ ಅಂತ ಚುಚ್ತೀನಿ."

"ನಾನೂ ಅದಕ್ಕೇ. ನಾನು ಬದುಕೋದು ಬೇಡ್ವಾ?" ತನ್ನ ಮಾತಿಗೆ ತಾನೇ ನಕ್ಕು ಬಕೆಟ್ಟಿನ ಹಿಡಿಗೆ ಕೈಹಾಕಿದ. ಅವಳು ಬಿಡಲಿಲ್ಲ. ನೀರು ತುಳುಕಿ ಇಬ್ಬರ ಕಾಲೂ ನೆನೆಯಿತು.

"ಗಾಜಿನ ತೊಟ್ಟಿಗೆ ಬಣ್ಣದ ಮೀನು ಕೊಡ್ತೀನಿ ಅಂತ ಹೋಟೆಲಿನೋರಿಗೆ ಮಾತು ಕೊಟ್ಟಿದೀನಿ, ಬಿಡೇ. ಮೀನಿಗೋಸ್ಕರ ಅಣ್ಣನ ಮರ್ಯಾದೆ ಕಳೀತೀಯಾ?"

ನರ್ಸಮ್ಮ ಅವನ ಕೈಯಿಂದ ಹಿಡಿ ಬಿಡಿಸಿಕೊಂಡಳು. ಒಂದು ಬಕೆಟ್ಟಿನ ಮೀನನ್ನೆಲ್ಲ ಇನ್ನೊಂದಕ್ಕೆ ಸುರಿದಳು. ಖಾಲಿಯಾದದ್ದಕ್ಕೆ ಬೋಗುಣಿಯನ್ನು ಬೋರಲು ಹಾಕಿದಳು. ರೋಗದವು ಬೇರೆ, ನೆಟ್ಟಗಿರುವವು ಬೇರೆ, ವಾರ್ಡಿನ ಅಭ್ಯಾಸ.

"ಅವು ಹೇಗೂ ಸಾಯ್ತವೆ ಕಣೇ."

"ನಮ್ಮನೇಲೇ ಸಾಯ್ಲಿ."

"ಇನ್ನು ಈ ಹೊಸಲು ತುಳೀಬೇಡ ಹಾಗಾದ್ರೆ."

ಅವಳು ಆಗಲೇ ಬೀದಿಗಿಳಿದಿದ್ದಳು. ಬಣ್ಣದ ಬಕೆಟ್ಟು ಎಡಗೈಯಲ್ಲಿತ್ತು. ಅದು ಹಗುರ, ಆದರೂ ಆ ಕೈಯೇ ಮೊದಲು ಸೋತಿತು. ಮೂರು ಕಡೆ ಇಳಿಸಿ ನಿಂತಳು. ಮೂರು ಸಲವೂ ಆ ಬಕೆಟ್ಟಿನಿಂದ ಮುಖ ಆಚೆ ತಿರುಗಿಸಿದಳು.