ಹಿಮ್ಮಡಿಯ ಗೀರು

ಗುರುವಾರ ಸಂಜೆ ಐದರೊಳಗೆ ಅವಳು ಒಂದು ಹೆಸರು ಕೊಡಬೇಕಿತ್ತು. ಹತ್ತೊಂಬತ್ತು ವರ್ಷ ಫುಟ್‌ಬಾಲ್ ಗೋಲು ಕಾದವಳಿಗೆ ಭಾನುವಾರ ಕೊನೆಯ ಪಂದ್ಯ. ನಿವೃತ್ತಿಯಾಗುವ ಆಟಗಾರ್ತಿ ತಂಡಕ್ಕಿಂತ ಮೊದಲು, ತನಗೆ ಬೇಕಾದ ಒಬ್ಬರನ್ನು ಪಕ್ಕದಲ್ಲಿ ಕರೆದುಕೊಂಡು ಮೈದಾನಕ್ಕೆ ಇಳಿಯುವುದು ಆ ಕ್ಲಬ್ಬಿನ ರೂಢಿ. ಮ್ಯಾನೇಜರ್ ಕೊಟ್ಟ ಹಾಳೆಯಲ್ಲಿ ‘ಜೊತೆಗೆ ಬರುವವರು’ ಎಂಬುದರ ಮುಂದಿನ ಜಾಗ ಸೋಮವಾರದಿಂದ ಖಾಲಿ ಇತ್ತು.

"ನೀನೇ ಬಾ ಅಮ್ಮ," ಎಂದು ಅವಳು ಬುಧವಾರ ಬೆಳಿಗ್ಗೆ ಮತ್ತೊಮ್ಮೆ ಕೇಳಿದಳು.

ಅಮ್ಮ ಒಗೆದ ಕೈಗವಸುಗಳನ್ನು ಕಿಟಕಿಯ ಸರಳಿಗೆ ಸಿಕ್ಕಿಸುತ್ತಿದ್ದಳು. "ನಾನು ನಿನ್ನ ಹೆತ್ತಿದ್ದು, ಅಷ್ಟೇ. ಗೋಲು ಕಾಯೋದು ಕಲಿಸಿದೋಳು ಬೇರೆ ಇದಾಳೆ. ಅವಳನ್ನ ಕರಿ."

"ಅವಳ ಮಾತು ಎತ್ತಬೇಡ."

"ಹದಿನಾಲ್ಕು ವರ್ಷ ಎತ್ತಲಿಲ್ಲ, ನನ್ನ ನಾಲಿಗೆಗೇನು ತುಕ್ಕು ಹಿಡೀಲಿಲ್ಲ. ಈಗ ಎತ್ತುತೀನಿ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದಮೇಲೆ ಬರುತ್ತಾ? ಹೋಗಿ ಒಂದ್ಸಲ ಕೇಳು. ಹದಿನಾಲ್ಕನೇ ನಂಬರ್ ಬಸ್ಸು, ಮೂರು ಗಂಟೆಗೆ ಕೊನೇ ಸ್ಟಾಪಿನಲ್ಲಿ ಹನ್ನೆರಡು ನಿಮಿಷ ನಿಂತಿರುತ್ತೆ."

"ನಿನಗೆ ಹೇಗೆ ಗೊತ್ತು?"

"ಕಣ್ಣಿನ ಡಾಕ್ಟರ ಹತ್ರ ನನ್ನ ಕರ್ಕೊಂಡು ಹೋಗೋದು ಯಾರು ಅಂದ್ಕೊಂಡೆ, ನೀನಾ? ಅವಳ ಬಸ್ಸೇ. ನಾಲ್ಕು ವರ್ಷದಿಂದ ಮುಂದಿನ ಸೀಟು ನನ್ನದೇ."

*

ಅವಳಿಗೆ ಚಿಲಕ ಎಂದು ಹೆಸರಿಟ್ಟವಳು ಕೊಕ್ಕರೆ. ಇಬ್ಬರೂ ಒಂದೇ ಕ್ಲಬ್ಬಿನ ಗೋಲ್‌ಕೀಪರುಗಳು. ಕೊಕ್ಕರೆ ನಾಲ್ಕು ವರ್ಷ ದೊಡ್ಡವಳು, ಉದ್ದ ಕಾಲಿನವಳು, ತಂಡದ ಮೊದಲ ಆಯ್ಕೆ. ಹತ್ತೊಂಬತ್ತರ ಹುಡುಗಿ ಬದಲಿ ಕೀಪರಾಗಿ ಸೇರಿದ ದಿನ, ಐದು ಅಡಿ ನಾಲ್ಕು ಇಂಚಿನ ಅವಳನ್ನು ನೋಡಿ ಉಳಿದವರು ನಕ್ಕಿದ್ದರು. ಕೊಕ್ಕರೆ ಮಾತ್ರ ಅರ್ಧ ಗಂಟೆ ಅವಳತ್ತ ಚೆಂಡು ಒದ್ದು, ಆಮೇಲೆ ಹೇಳಿದಳು: "ಬಾಗಿಲು ಎಷ್ಟೇ ದೊಡ್ಡದಿರಲಿ, ಚಿಲಕ ಗೇಣುದ್ದ. ಬಿತ್ತು ಅಂದ್ರೆ ಆನೆ ಬಂದ್ರೂ ತೆಗೆಯೋಕಾಗಲ್ಲ."

ಮೂರು ವರ್ಷ ಚಿಲಕ ಬೆಂಚಿನ ಮೇಲೆ ಕುಳಿತಳು. ಬೆಳಗಿನ ಅಭ್ಯಾಸ ಆರಕ್ಕೆ. ಹುಲ್ಲಿನ ಇಬ್ಬನಿಗೆ ಕೈಗವಸು ತೊಯ್ದು ಭಾರವಾಗುತ್ತಿತ್ತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಎರಡೇ ಫ್ಯಾನು. ಒಂದು ತಿರುಗುತ್ತಿರಲಿಲ್ಲ, ಇನ್ನೊಂದರ ಕೆಳಗೆ ಯಾರು ಕೂರಬೇಕೆಂದು ದಿನವೂ ಜಗಳ. ಕೊಕ್ಕರೆ ತನ್ನ ಜಾಗದಲ್ಲಿ ಚಿಲಕಳನ್ನು ಕೂರಿಸಿ, "ಏಳಬೇಡ, ನನ್ನ ಆಸ್ತಿ ಕಾಯ್ತಿರು," ಎಂದು ಸ್ನಾನಕ್ಕೆ ಹೋಗುತ್ತಿದ್ದಳು. ಬೇರೆ ಊರಿನ ಪಂದ್ಯಗಳಿಗೆ ಹೋಗುವಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ಇಬ್ಬರೂ ಒಬ್ಬರ ಹೆಗಲಿಗೆ ಒಬ್ಬರು ತಲೆ ಇಟ್ಟು ನಿದ್ದೆ ಮಾಡುತ್ತಿದ್ದರು.

ಗೀರು ಎಳೆಯುವುದನ್ನು ಕಲಿಸಿದ್ದೂ ಅವಳೇ. ಗೋಲಿನ ಅಗಲ ಇಪ್ಪತ್ತನಾಲ್ಕು ಅಡಿ. ಕಂಬಗಳು ಕೀಪರ್ ಬೆನ್ನ ಹಿಂದೆ ಇರುತ್ತವೆ. ಆಟ ಬಿರುಸಾದಾಗ ತಾನು ನಡುವೆ ನಿಂತಿದ್ದೇನೋ ಸರಿದಿದ್ದೇನೋ ಎಂದು ತಿರುಗಿ ನೋಡಲು ಪುರುಸೊತ್ತಿರುವುದಿಲ್ಲ. ಅದಕ್ಕೆ ಮೊದಲೇ ಕಂಬದಿಂದ ಹೆಜ್ಜೆ ಎಣಿಸಿ, ನಡುವೆ ಹಿಮ್ಮಡಿಯಿಂದ ನೆಲಕ್ಕೊಂದು ಗೀರು ಎಳೆದುಕೊಳ್ಳಬೇಕು. ಮೈದಾನದಲ್ಲಿ ಗುರುತು ಮಾಡುವುದು ನಿಯಮಕ್ಕೆ ವಿರುದ್ಧ. ರೆಫರಿ ಕಂಡರೆ ಹಳದಿ ಕಾರ್ಡು. ಆದ್ದರಿಂದ ಶೂಗೆ ಮೆತ್ತಿದ ಮಣ್ಣು ಒರೆಸುವವರ ಹಾಗೆ ನಟಿಸಬೇಕು. ಕೊಕ್ಕರೆಗೆ ನಾಲ್ಕು ಹೆಜ್ಜೆ, ಚಿಲಕಳಿಗೆ ಐದು.

ನಾಲ್ಕನೇ ವರ್ಷ ಕೊಕ್ಕರೆ ಬೇರೆ ಕ್ಲಬ್ಬಿಗೆ ಹೋದಳು, ಚಿಲಕ ಮೊದಲ ಆಯ್ಕೆಯಾದಳು. ಮರುವರ್ಷ ಲೀಗಿನ ಫೈನಲಿನಲ್ಲಿ ಇಬ್ಬರೂ ಎದುರು ಬದುರು ನಿಂತರು. ರಾಷ್ಟ್ರೀಯ ತಂಡದ ಆಯ್ಕೆಗಾರರು ಆ ಪಂದ್ಯ ನೋಡಲು ಬಂದಿದ್ದರು.

ವಿರಾಮದ ನಂತರ ತಂಡಗಳು ಬದಿ ಬದಲಿಸಿದವು. ಮೊದಲರ್ಧ ಕೊಕ್ಕರೆ ಕಾದಿದ್ದ ಗೋಲಿಗೆ ಚಿಲಕ ಬಂದಳು. ನೆಲದಲ್ಲಿ ಗೀರು ಆಗಲೇ ಇತ್ತು. ಪರಿಚಿತ ಗೀರು: ಉದ್ದ, ಆಳ, ತುದಿಯಲ್ಲಿ ಸ್ವಲ್ಪ ಬಾಗಿದ್ದು. ಅವಳು ಹೆಜ್ಜೆ ಎಣಿಸಲಿಲ್ಲ. ಎಪ್ಪತ್ತೊಂದನೇ ನಿಮಿಷದಲ್ಲಿ ಇಪ್ಪತ್ತೆರಡು ಮೀಟರಿನಿಂದ ಫ್ರೀ ಕಿಕ್. ಮುಂದೆ ಆಟಗಾರ್ತಿಯರ ಗೋಡೆ. ಚಿಲಕ ಗೀರಿನ ಮೇಲೆ ನಿಂತಳು, ಬಲಕ್ಕೆ ಹಾರಿದಳು. ಚೆಂಡು ಬೆರಳ ತುದಿಗೂ ಬಲಗಂಬಕ್ಕೂ ನಡುವೆ ಒಳಗೆ ಹೋಯಿತು. ಆ ಒಂದೇ ಗೋಲಿಗೆ ಫೈನಲ್ ಹೋಯಿತು.

ಜನ ಖಾಲಿಯಾದ ಮೇಲೆ ಅವಳು ಮೈದಾನದ ಮಾಲಿಯಿಂದ ಟೇಪು ಇಸಿದುಕೊಂಡು ಅಳೆದಳು. ಗೀರು ನಡುವಿನಿಂದ ಒಂದು ಅಡಿ ನಾಲ್ಕು ಇಂಚು ಎಡಕ್ಕಿತ್ತು.

ರಾಷ್ಟ್ರೀಯ ತಂಡಕ್ಕೆ ಮೂವರು ಕೀಪರುಗಳನ್ನು ಆರಿಸಿದರು. ಆಯ್ಕೆಗಾರರ ಪಟ್ಟಿಯಲ್ಲಿ ಚಿಲಕ ನಾಲ್ಕನೆಯವಳಾಗಿದ್ದಳು. ಆಮೇಲೂ ಅವಳಿಗೆ ಕರೆ ಬರಲಿಲ್ಲ. ಕೊಕ್ಕರೆ ಒಂದೇ ವರ್ಷದಲ್ಲಿ ಆಟ ಬಿಟ್ಟು ಬಸ್ ಡ್ರೈವರ್ ಆಗಿ ಸಾರಿಗೆ ಸಂಸ್ಥೆ ಸೇರಿದಳು. ಚಿಲಕ ಅವಳನ್ನು ಮಾತನಾಡಿಸಲಿಲ್ಲ.

*

ಕೊನೆಯ ಸ್ಟಾಪಿನಲ್ಲಿ ಬಸ್ಸು ಖಾಲಿ ನಿಂತಿತ್ತು. ಕಂಡಕ್ಟರ್ ಚಹಾ ಅಂಗಡಿಯ ಬಳಿ ಇದ್ದ. ಡ್ರೈವರ್ ಸೀಟಿನಲ್ಲಿದ್ದವಳು ಕನ್ನಡಿಯಲ್ಲಿ ನೋಡಿ ತಿರುಗದೆಯೇ ಹೇಳಿದಳು:

"ಟಿಕೆಟ್ ತಗೊಂಡ್ಯಾ ಚಿಲಕ, ಇಲ್ಲ ಪುಕ್ಕಟೆ ಹತ್ತಿದ್ಯಾ?"

"ನಿಂತ ಬಸ್ಸಿಗೂ ಟಿಕೆಟ್ಟಾ?"

"ಹದಿನಾಲ್ಕು ವರ್ಷದ ಬಾಕಿ ಅಂತ ಇಟ್ಕೋ. ಬಾ, ಕೂತ್ಕೋ. ಅಮ್ಮನ ಸೀಟು."

ಚಿಲಕ ಕುಳಿತಳು. ಕೇಳಬೇಕಾದದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಎದುರಿಗೆ ಬಂದಾಗ ಒಂದೇ ವಾಕ್ಯ ಉಳಿಯಿತು.

"ಅಕ್ಕ, ಆವತ್ತು ಗೀರು ಬೇಕಂತಲೇ ತಪ್ಪಾಗಿ ಎಳೆದ್ಯಾ?"

ಕೊಕ್ಕರೆ ನೀರಿನ ಬಾಟಲಿಗೆ ಕೈ ಚಾಚಿದಳು. ಬಾಟಲಿ ಅವಳ ಎಡಗಡೆ, ತಲೆಯ ಮಟ್ಟದ ಕೊಕ್ಕೆಯಲ್ಲಿತ್ತು. ಎಡಗೈ ತೊಡೆಯ ಮೇಲೆ ಬಿಡುವಾಗಿಯೇ ಇತ್ತು. ಅವಳು ಇಡೀ ಮೈ ತಿರುಗಿಸಿ ಬಲಗೈಯಿಂದ ತೆಗೆದುಕೊಂಡಳು. ಎದುರಾಳಿಯ ಭುಜ ನೋಡಿ ಚೆಂಡಿನ ದಾರಿ ಹೇಳುವುದೇ ಚಿಲಕಳ ಕಸುಬು.

"ಎಡಭುಜಕ್ಕೆ ಏನಾಗಿದೆ?"

"ಈಗ ಕಂಡಿತಾ ನಿನಗೆ?" ಕೊಕ್ಕರೆ ನೀರು ಕುಡಿದು ಮುಚ್ಚಳ ತಿರುಗಿಸಿದಳು. "ಆ ವರ್ಷ ಮೂರನೇ ಮ್ಯಾಚಲ್ಲಿ ಕಂಬಕ್ಕೆ ಬಡ್ಕೊಂಡೆ. ಕೈ ಕಿವಿಗಿಂತ ಮೇಲೆ ಹೋಗ್ತಿರಲಿಲ್ಲ. ಡಾಕ್ಟರಿಗೆ ಹೇಳಿದ್ರೆ ಸೀದಾ ಮನೆಗೆ. ಅದಕ್ಕೇ ಎಡಕ್ಕೆ ಸರಿದು ನಿಲ್ಲೋಕೆ ಶುರು ಮಾಡ್ದೆ. ಬಲಗಡೆ ಜಾಗ ಜಾಸ್ತಿ ಆದ್ರೂ ಕಾಲು ಉದ್ದ ಇತ್ತಲ್ಲ, ಹಾರ್ಕೊಂಡೆ. ಗೀರು ತಪ್ಪಾಗಿರಲಿಲ್ಲ ಕಣೇ. ನನ್ನ ಭುಜಕ್ಕೆ ಸರಿಯಾಗೇ ಇತ್ತು."

"ಗೋಲು ಬಿದ್ದಾಗ ನಿನಗೆ ಗೊತ್ತಾಯ್ತಾ?"

"ಗೋಲು ಬಿದ್ದಾಗ ಕುಣಿದೆ. ಸುಳ್ಳು ಯಾಕೆ ಹೇಳ್ಲಿ. ರೂಮಿಗೆ ಹೋಗಿ ಶೂ ಬಿಚ್ಚುವಾಗ ಹೊಳೀತು, ಈ ಪೆದ್ದಿ ನನ್ನ ಗೀರಿನ ಮೇಲೆ ನಿಂತಿದ್ಲು ಅಂತ."

"ಆಗಲೇ ಬಂದು ಹೇಳಬಹುದಿತ್ತಲ್ಲ!"

"ಹೇಳಿದ್ರೆ ಭುಜದ ಕತೆಯೂ ಹೇಳಬೇಕಿತ್ತು. ಇನ್ನೊಂದು ವರ್ಷ ಆಡೋ ಆಸೆ ಇತ್ತು ನನಗೆ. ನೀನು ಮುಖ ತಿರುಗಿಸ್ಕೊಂಡು ಹೋದೆ, ಬಚಾವಾದೆ ಅಂದ್ಕೊಂಡೆ. ಅದು ನನ್ನ ತಪ್ಪು, ಒಪ್ಕೋತೀನಿ." ಕನ್ನಡಿಯಲ್ಲಿ ಅವಳ ಕಣ್ಣು ಚಿಲಕಳ ಮೇಲಿತ್ತು. "ಈಗ ನಾನೊಂದು ಕೇಳ್ಲಾ? ಐದೇ ಹೆಜ್ಜೆ. ಯಾಕೆ ಎಣಿಸ್ಲಿಲ್ಲ?"

ಈ ಪ್ರಶ್ನೆಯನ್ನು ಚಿಲಕಳಿಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಗೀರಿನ ವಿಷಯ ಅವಳು ಅಮ್ಮನಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ.

"ನೀನು ಎಳೆದಿದ್ದು ಅಂತ," ಎಂದಳು.

ಕೊಕ್ಕರೆ ಸ್ಟೀರಿಂಗಿನ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದಳು. ಕಂಡಕ್ಟರ್ ಹತ್ತಿ ಬಂದು ಸೀಟಿ ಊದಿದ.

"ಭಾನುವಾರ ಡ್ಯೂಟಿ ಇದೆಯಾ ಅಕ್ಕ?"

"ಇತ್ತು. ಬದಲಾಯಿಸ್ಕೊಂಡಾಯ್ತು. ಅಮ್ಮ ಹೋದ ವಾರವೇ ಹೇಳಿದ್ರು, ನೀನು ಬಂದೇ ಬರ್ತೀಯ ಅಂತ."

ಚಿಲಕ ಚೀಲದಿಂದ ಹಾಳೆ ತೆಗೆದು ಕೊಟ್ಟಳು. "ಪೂರ್ತಿ ಹೆಸರು ಬರಿ. ಕೊಕ್ಕರೆ ಅಂತ ಬರೆದ್ರೆ ಗೇಟಲ್ಲಿ ಬಿಡಲ್ಲ."

*

ಭಾನುವಾರ ಇಬ್ಬರೂ ಜೊತೆಯಾಗಿ ಇಳಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಧ್ವನಿವರ್ಧಕದಲ್ಲಿ ಅಂಕಿಗಳನ್ನು ಓದಿದರು: ಮುನ್ನೂರ ಹನ್ನೆರಡು ಪಂದ್ಯ, ನೂರ ಹದಿನೆಂಟರಲ್ಲಿ ಗೋಲು ಬಿಟ್ಟುಕೊಟ್ಟಿಲ್ಲ. ಕೊಕ್ಕರೆ ಜನರಿಗೆ ಬಲಗೈ ಬೀಸಿದಳು. ಅವಳ ಎಡಗೈಯನ್ನು ಚಿಲಕ ಹಿಡಿದುಕೊಂಡಿದ್ದಳು, ಸೊಂಟದ ಮಟ್ಟಕ್ಕಿಂತ ಮೇಲೆ ಎತ್ತದೆ.

ಮೊದಲರ್ಧ ಒಂದು–ಒಂದು ಸಮವಾಗಿ ಮುಗಿಯಿತು. ವಿರಾಮದ ನಂತರ ಚಿಲಕ ಆಚೆ ಬದಿಯ ಗೋಲಿಗೆ ನಡೆದಳು. ಅಲ್ಲಿ ಗೀರು ಇತ್ತು. ಎದುರು ತಂಡದ ಕೀಪರ್ ಇಪ್ಪತ್ತೊಂದರವಳು, ಅವಳದು ಚಿಕ್ಕ ಗೀರು. ಚಿಲಕ ಕಂಬಕ್ಕೆ ಬೆನ್ನು ತಾಗಿಸಿ ಐದು ಹೆಜ್ಜೆ ಎಣಿಸಿದಳು. ಗೀರು ಒಂದು ಗೇಣು ಬಲಕ್ಕಿತ್ತು.

ಅವಳು ದೂರದ ಗೋಲಿನತ್ತ ನೋಡಿದಳು. ಆ ಹುಡುಗಿ ಬಲ ಮೊಣಕಾಲನ್ನು ಬಗ್ಗಿಸಿ, ಚಾಚಿ, ಮತ್ತೆ ಬಗ್ಗಿಸುತ್ತಿದ್ದಳು.

ಚಿಲಕ ಆ ಗೀರನ್ನು ಕಾಲಿನಿಂದ ಮೆಲ್ಲನೆ ಸವರಿ ಅಳಿಸಿದಳು, ತನ್ನ ತಂಡದ ಯಾರ ಕಣ್ಣಿಗೂ ಬೀಳದ ಹಾಗೆ. ಆಮೇಲೆ ರೆಫರಿ ಅತ್ತ ತಿರುಗುವವರೆಗೆ ಕಾದು, ಶೂಗೆ ಮೆತ್ತಿದ ಮಣ್ಣು ಒರೆಸುವವಳ ಹಾಗೆ ಬಗ್ಗಿ, ಹಿಮ್ಮಡಿಯಿಂದ ತನ್ನದನ್ನು ಎಳೆದುಕೊಂಡಳು.