ಹತ್ತು ಅಡಿ ದಾರ

ಮೇ ತಿಂಗಳಲ್ಲಿ ಗಾಳ ಹಿಡಿದು ಸಾರೆಲ್ ನದಿಗೆ ಹೋಗುವವರನ್ನು ಮೊಂಟಾನಾದ ಆ ಕಣಿವೆಯಲ್ಲಿ ಯಾರೂ ಬುದ್ಧಿವಂತರೆಂದು ಕರೆಯುವುದಿಲ್ಲ. ಬೆಟ್ಟದ ಹಿಮ ಒಮ್ಮೆಗೇ ಕರಗಿ, ನದಿ ಹಾಲು ಕಡಿಮೆ ಬಿದ್ದ ಕಾಫಿಯ ಬಣ್ಣಕ್ಕೆ ತಿರುಗಿ, ಮರದ ದಿಮ್ಮಿ, ಬೇಲಿಗೂಟ, ಒಮ್ಮೊಮ್ಮೆ ಯಾರದೋ ಹಿತ್ತಿಲ ಕುರ್ಚಿಯನ್ನೂ ಹೊತ್ತುಕೊಂಡು ಓಡುತ್ತಿರುತ್ತದೆ. ಆದರೂ ಹಂಗಾಮು ತೆರೆಯುವುದು ಆಗಲೇ. ಮೊದಲ ದಿನ ಎಲ್ಲರೂ ಹೋಗುತ್ತಾರೆ, ಎಲ್ಲರೂ ಬರಿಗೈಯಲ್ಲಿ ಬರುತ್ತಾರೆ. ವೆಂಡೆಲ್ ಹಾಗ್‌ಸ್ಟಡ್ ಈ ಸಂಪ್ರದಾಯವನ್ನು ನಲವತ್ತನಾಲ್ಕು ವರ್ಷ ನಿಷ್ಠೆಯಿಂದ ಪಾಲಿಸಿಕೊಂಡು ಬಂದವನು.

ಈ ವರ್ಷ ಮಾತ್ರ ಬರಿಗೈ ಅವನಿಗೆ ದುಬಾರಿಯಾಗಲಿತ್ತು. ನವೆಂಬರಿನಲ್ಲಿ ಲಕ್ವ ಹೊಡೆದು ಬಲಗೈ ಅರ್ಧ ಸೋತಿತ್ತು. ಮಾತು ಮರಳಿತು, ನಡಿಗೆ ಮರಳಿತು, ಕೈ ಮರಳಲಿಲ್ಲ. ಏಪ್ರಿಲಿನಿಡೀ ಅಂಗಳದಲ್ಲಿ ಎಡಗೈಯಿಂದ ದಾರ ಬೀಸಿ ಅಭ್ಯಾಸ ಮಾಡಿದ. ಒಂದು ಕಾಲಕ್ಕೆ ಅರವತ್ತು ಅಡಿ ಆಚೆ, ಹೇಳಿದ ಕಲ್ಲಿನ ಪಕ್ಕಕ್ಕೆ, ಗರಿ-ನೂಲು ಸುತ್ತಿ ಮಾಡಿದ ನಕಲಿ ಹುಳುವನ್ನು ಸದ್ದಿಲ್ಲದೆ ಇಳಿಸುತ್ತಿದ್ದವನು ಈಗ ಹತ್ತು ಅಡಿ ದಾಟಿಸಲಾರದೆ ಅಂಚೆಪೆಟ್ಟಿಗೆಯನ್ನು ಎರಡು ಸಲ, ಹೆಂಡತಿಯ ಸ್ವೆಟರನ್ನು ಒಂದು ಸಲ ಹಿಡಿದಿದ್ದ. ಹತ್ತು ಅಡಿಯ ಮೀನುಗಾರ ಎಂದರೆ ಮೀನುಗಾರನೇ ಅಲ್ಲ. ಇವತ್ತು ಒಂದಾದರೂ ಮೀನು ಸಿಗದಿದ್ದರೆ ಗಾಳದ ಕೋಲು ಭಾವಮೈದುನ ರಾಯ್ಸ್‌ಗೆ ಎಂದು ಹೇಳಿಬಿಟ್ಟಿದ್ದ. ಕೋಲನ್ನಿಡುವ ಕೊಳವೆಯ ಮೇಲೆ ಬಿಳಿ ಪಟ್ಟಿ ಅಂಟಿಸಿ ರಾಯ್ಸ್‌ನ ಹೆಸರನ್ನೂ ಬರೆದಾಗಿತ್ತು. ಎಡಗೈಯ ಬರಹವಾದ್ದರಿಂದ ಹೆಸರು ನಡುಗುತ್ತಿತ್ತು.

ಹೆಂಡತಿ ಆರ್ಡಿಸ್ ಕರೆದುಕೊಂಡು ಹೋಗಲು ಒಪ್ಪಿದ್ದು ಒಂದೇ ಷರತ್ತಿನ ಮೇಲೆ.

"ನಿನ್ನ ಕಾಲ್ಬೆರಳೂ ನೀರು ಮುಟ್ಟಬಾರ್ದು, ತಿಳೀತಾ? ದಡದಲ್ಲಿ ಕುರ್ಚಿ ಹಾಕ್ತೀನಿ. ಕೂತ್ಕೊಂಡು ಏನ್ ಹಿಡೀತೀಯೋ ಹಿಡಿ."

"ಕುರ್ಚಿ ಮೇಲೆ ಕೂತು ಮೀನು ಹಿಡಿಯೋದಾ? ಊರೋರು ನೋಡಿದ್ರೆ?"

"ಕೊಚ್ಕೊಂಡು ಹೋಗೋದನ್ನ ನೋಡೋದಕ್ಕಿಂತ ವಾಸಿ."

ಅವಳ ಷರತ್ತಿಗೆ ಒಂದು ಅನುಬಂಧವೂ ಇತ್ತೆಂಬುದು ನದಿಗೆ ಬಂದಮೇಲೆ ತಿಳಿಯಿತು. ಪಿಕಪ್ಪಿನ ಹಿಂದಿನಿಂದ ಕರು ಕಟ್ಟುವ ಹಗ್ಗ ತೆಗೆದು, ಒಂದು ತುದಿಯನ್ನು ಅವನ ಸೊಂಟಕ್ಕೂ ಇನ್ನೊಂದನ್ನು ಕಾಟನ್‌ವುಡ್ ಮರಕ್ಕೂ ಬಿಗಿದಳು. ಜೊತೆಗೆ ಬಂದಿದ್ದ ರಾಯ್ಸ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಮೇವು ಎಷ್ಟೊತ್ತಿಗೆ ಹಾಕ್ತೀಯ ಅಕ್ಕ?"

"ನೀನು ಬಾಯಿ ಮುಚ್ಕೊಂಡಿದ್ರೆ ನಿನಗೂ ಹಾಕ್ತೀನಿ," ಎಂದಳು ಆರ್ಡಿಸ್, ದಾಲ್ಚಿನ್ನಿ ಬನ್ನುಗಳ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು.

ವೆಂಡೆಲ್ ಅವಮಾನವನ್ನು ನುಂಗಿ, ಬಂದವರು ಮೊದಲು ಮಾಡುವ ಕೆಲಸ ಮಾಡಿಸಿದ. ಒಂದು ವಿಲೋ ಕಡ್ಡಿಯನ್ನು ನೀರಿನ ಅಂಚಿಗೆ ಸರಿಯಾಗಿ ಆರ್ಡಿಸ್ ಕೈಯಿಂದ ನೆಡಿಸಿದ. ನದಿ ಏರುತ್ತಿದೆಯೋ ಇಳಿಯುತ್ತಿದೆಯೋ ಹೇಳುವುದು ಈ ಕಡ್ಡಿ. ಏರುವಾಗ ಮೀನು ಬಾಯಿ ಬಿಡುವುದಿಲ್ಲ.

ರಾಯ್ಸ್‌ಗೆ ಕಡ್ಡಿಯ ತಾಳ್ಮೆ ಇರಲಿಲ್ಲ. ಎದೆಮಟ್ಟದ ರಬ್ಬರ್ ಪ್ಯಾಂಟು ಏರಿಸಿಕೊಂಡು, ವಿಲೋ ಪೊದೆಯ ಪಕ್ಕದಿಂದ ನೇರ ನೀರಿಗಿಳಿದು, ತೊಡೆಮಟ್ಟ ಹೋಗಿ, ಅಲ್ಲಿಂದ ನಡುಹೊಳೆಗೆ ದಾರ ಎಸೆದ. ಹಾಗೆ ಇಳಿಯುವುದೇ ಕ್ರಮ. ವೆಂಡೆಲ್ ಕೂಡ ನಲವತ್ತನಾಲ್ಕು ವರ್ಷ ಅದೇ ಪೊದೆಯ ಪಕ್ಕದಿಂದ ಹಾಗೆಯೇ ಇಳಿದಿದ್ದ. ಆದರೆ ಇಳಿಯುವವನನ್ನು ಕುರ್ಚಿಯಲ್ಲಿ ಕೂತು ನೋಡಿದ್ದು ಇದೇ ಮೊದಲು.

ಕಂಡದ್ದು ಇಷ್ಟು: ರಾಯ್ಸ್‌ನ ಮೊದಲ ಹೆಜ್ಜೆಗೆ ಪಾದ ಮುಳುಗುವಷ್ಟು ನೀರಿನಿಂದ ಕಂದು ನೆರಳೊಂದು ಛಂಗನೆ ಹಾರಿತು. ಎರಡನೇ ಹೆಜ್ಜೆಗೆ ಇನ್ನೊಂದು. ಮೂರನೇ ಹೆಜ್ಜೆಗೆ ಕೆಸರು ಎದ್ದು ಏನೂ ಕಾಣಲಿಲ್ಲ.

ವೆಂಡೆಲ್ ಕೋಲನ್ನು ಎದೆಗೆ ಒತ್ತಿಕೊಂಡು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ನಡುವಿನ ಸೆಳೆತಕ್ಕೆ ನಿಲ್ಲಲಾಗದ ಮೀನುಗಳೆಲ್ಲ ದಡದ ಹುಲ್ಲಿಗೆ ಬೆನ್ನು ಒತ್ತಿಕೊಂಡು ನಿಂತಿರುತ್ತವೆ. ಇದು ಮಕ್ಕಳಿಗೂ ಹೊಳೆಯಬೇಕಾದ ಮಾತು. ನಲವತ್ತನಾಲ್ಕು ವರ್ಷ ಅವನು ಮೀನುಗಳನ್ನು ತುಳಿದುಕೊಂಡು ಹೋಗಿ, ಮೀನಿಲ್ಲದ ಕಡೆಗೆ ಅತ್ಯಂತ ಸೊಗಸಾಗಿ ದಾರ ಬೀಸಿದ್ದ.

"ಏನಾಯ್ತು? ಎದೆ ನೋವಾ?" ಆರ್ಡಿಸ್ ಹತ್ತಿರ ಬಂದಳು.

"ಇಲ್ಲ. ನಾನೆಂಥ ಕತ್ತೆ ಅಂತ ಲೆಕ್ಕ ಹಾಕ್ತಾ ಇದ್ದೆ."

"ಅಯ್ಯೋ, ಅಷ್ಟಕ್ಕೆ ಯಾಕೆ ತಲೆ ಸವೆಸ್ಕೊಂಡೆ? ನನ್ನ ಕೇಳಿದ್ರೆ ಮದುವೆ ಮಾರನೇ ದಿನವೇ ಹೇಳ್ತಿದ್ದೆ."

ಒಂದು ಗಂಟೆಯ ಬಳಿಕ ರಾಯ್ಸ್ ಹಲ್ಲು ಕಟಕಟಿಸುತ್ತ ಮೇಲೆ ಬಂದ. ಎರಡು ಹುಳುಗಳನ್ನು ದಿಮ್ಮಿಗಳಿಗೆ ದಾನ ಮಾಡಿದ್ದ. "ನಡೀರಿ ಹೋಗಣ. ಈ ಕೆಸರಲ್ಲಿ ಮೀನಿಗೆ ತನ್ನ ಬಾಲವೇ ಕಾಣಲ್ಲ."

"ಕಾಫಿ ಮುಗಿಯೋವರೆಗೆ," ಎಂದಳು ಆರ್ಡಿಸ್. ಫ್ಲಾಸ್ಕಿನಲ್ಲಿ ಎಷ್ಟು ಕಾಫಿ ಇದೆಯೆಂದು ಅವಳೊಬ್ಬಳಿಗೇ ಗೊತ್ತಿತ್ತು. ಅವಳು ಅದನ್ನು ತುಟಿಗೆ ಸೋಕಿಸಿ ಸೋಕಿಸಿ ಕುಡಿಯತೊಡಗಿದಳು.

ವೆಂಡೆಲ್ ನೋಡುತ್ತಿದ್ದುದು ಕಡ್ಡಿಯನ್ನು. ರಾತ್ರಿ ಮೇಲೆ ಬೆಟ್ಟದಲ್ಲಿ ಹೆಪ್ಪುಗಟ್ಟುವ ಚಳಿ ಇದ್ದಿರಬೇಕು, ಕರಗುವುದು ನಿಂತಿರಬೇಕು. ನೀರು ಕಡ್ಡಿಯಿಂದ ಎರಡು ಬೆರಳು ಹಿಂದೆ ಸರಿದಿತ್ತು. ಅಂಚಿನಲ್ಲಿ ಒಂದು ಗೇಣಿನಷ್ಟು ನೀರು ಚಹಾದಂತೆ ತಿಳಿಯಾಗಿತ್ತು. ರಾಯ್ಸ್ ಎಬ್ಬಿಸಿದ ಕೆಸರೂ ಕೂತಿತ್ತು.

"ಹುಳು ಕಟ್ಟು," ಎಂದ ಹೆಂಡತಿಗೆ.

ಅದನ್ನು ಅವನ ಬೆರಳುಗಳು ಇನ್ನು ಮಾಡಲಾರವು. ಕಲ್ಲಿನಡಿ ತೆವಳುವ ಜಾತಿಯ ಕರಿ ಹುಳುವೊಂದನ್ನು ಆರ್ಡಿಸ್ ಚಳಿಗಾಲದಲ್ಲಿ ತಾನೇ ಕೋಳಿಗರಿ ಸುತ್ತಿ ಮಾಡಿದ್ದಳು. ಕನ್ನಡಕ ಹಣೆಗೇರಿಸಿ, ದಾರದ ತುದಿ ನಾಲಿಗೆಗೆ ಸೋಕಿಸಿ, ಎರಡೇ ಸುತ್ತಿಗೆ ಗಂಟು ಹಾಕಿ ಕೊಟ್ಟಳು.

ಎಡಗೈ. ಕೋಲನ್ನು ಬೀಸಲೂ ಇಲ್ಲ, ಸುಮ್ಮನೆ ಮುಂದಕ್ಕೆ ತೂಗಿದ. ದಾರ ವಿಲೋ ಪೊದೆಯ ಬುಡಕ್ಕೆ ಬಿತ್ತು. ಹತ್ತು ಅಡಿ. ಏನಿಲ್ಲ. ಮತ್ತೆ. ಏನಿಲ್ಲ. ಹಿಂದೆ ಫ್ಲಾಸ್ಕಿನ ಮುಚ್ಚಳ ತಿರುಗಿದ ಸದ್ದಾಯಿತು. ರಾಯ್ಸ್ ಎದ್ದು ಬೂಟಿನ ಮಣ್ಣು ಕೊಡವಿದ. ಮೂರನೆಯ ಸಲ ದಾರ ಹರಿಯುತ್ತ ಬಂದು, ಹುಲ್ಲಿನ ಅಂಚಿನಲ್ಲಿ ಒಂದು ಕ್ಷಣ ನಿಂತಿತು.

ಎಡಗೈ ತಾನಾಗಿ ಮೇಲೆದ್ದಿತು. ಕೋಲು ಬಿಲ್ಲಾಯಿತು.

"ಹಗ್ಗ! ಹಗ್ಗ ಹಿಡೀರೋ!" ಎಂದು ಕೂಗಿದವನು ವೆಂಡೆಲ್ಲೇ. ಕುರ್ಚಿ ಹಿಂದಕ್ಕೆ ಉರುಳಿತ್ತು. ಅವನು ಹಗ್ಗದ ಉದ್ದಕ್ಕೂ ಬಂದು ನೀರಿಗೆ ಒಂದು ಅಡಿ ಈಚೆ ಜಗ್ಗಿ ನಿಂತಿದ್ದ. ರಾಯ್ಸ್ ಹಗ್ಗಕ್ಕೆ ಜೋತುಬಿದ್ದ. ಮೀನು ನಡುಹೊಳೆಗೆ ಓಡಲು ಹೋಗಿ, ಸೆಳೆತಕ್ಕೆ ಅಂಜಿ ದಡಕ್ಕೇ ಹಿಂದಿರುಗಿತು. ಮೀನೆತ್ತುವ ಕೈಬಲೆ ಹಿಡಿಯಲು ವೆಂಡೆಲ್‌ಗೆ ಇನ್ನೊಂದು ಕೈ ಇರಲಿಲ್ಲ.

ಮದುವೆಯಾದಾಗಿನಿಂದ ಈ ನದಿಗೆ ಕಾಲಿಡದ ಆರ್ಡಿಸ್, ಚರ್ಚಿಗೆ ಹಾಕುವ ಕಂದು ಬೂಟಿನಲ್ಲೇ ಮೊಣಕಾಲುದ್ದ ನೀರಿಗಿಳಿದು, ಬಲೆಯನ್ನು ಒಲೆಯಿಂದ ರೊಟ್ಟಿ ಎತ್ತುವವಳಂತೆ ಎತ್ತಿದಳು.

ಕಂದು ಟ್ರೌಟ್. ಮೊಳಕೈಯಿಂದ ಬೆರಳ ತುದಿಯವರೆಗಿನ ಉದ್ದ, ಹೊಟ್ಟೆಯಲ್ಲಿ ಬೆಣ್ಣೆಯ ಹಳದಿ, ಪಕ್ಕೆಯಲ್ಲಿ ಕೆಂಪು ಚುಕ್ಕೆ. ವೆಂಡೆಲ್ ದಡದಲ್ಲಿ ಮಂಡಿಯೂರಿ, ಕೊಕ್ಕೆ ಬಿಡಿಸಿ, ಸೋತ ಬಲಗೈಯನ್ನು ಅದರ ಹೊಟ್ಟೆಯ ಕೆಳಗಿಟ್ಟು ಮತ್ತೆ ನೀರಿಗೇ ಇಳಿಸಿದ. ಆ ಕೈಗೆ ಆರು ತಿಂಗಳಿಂದ ಏನೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಮೀನಿನ ಕಿವಿರು ತೆರೆದು ಮುಚ್ಚುವುದು ತಿಳಿಯಿತು. ಬಾಲ ಒದ್ದು ಅದು ಹೊರಟುಹೋಯಿತು, ದೂರವೇನಲ್ಲ, ಪೊದೆಯ ಬುಡಕ್ಕೇ.

"ಹೋಯ್ತಲ್ಲೋ ನನ್ನ ಕೋಲು," ಎಂದ ರಾಯ್ಸ್. ಅವನ ಮುಖ ನೋಡಿದರೆ ಕೋಲು ಕಳೆದುಕೊಂಡವನಂತೆ ಕಾಣುತ್ತಿರಲಿಲ್ಲ. ಪಿಕಪ್ಪಿನ ಕಡೆ ಹೋಗಿ ಕೊಳವೆಯ ಮೇಲಿನ ಬಿಳಿ ಪಟ್ಟಿಯನ್ನು ಉಗುರಿನಿಂದ ಕೆರೆಯತೊಡಗಿದ. "ಏನ್ ಅಂಟು ಹಾಕಿದೀಯ ಮಾರಾಯ, ಬರ್ತಾನೇ ಇಲ್ಲ!"

ಆರ್ಡಿಸ್ ಬೂಟಿನ ನೀರು ಸುರಿದಳು. ತುಟಿ ನೀಲಿಯಾಗಿತ್ತು. "ಸಾಕಾ? ಬಿಚ್ಚಲಾ ಹಗ್ಗ?"

ವೆಂಡೆಲ್ ತನ್ನ ಕೋಟನ್ನು ಕಳಚಿ, ಒಂದೇ ಕೈಯಲ್ಲಿ ಹೇಗೋ ಅವಳ ಹೆಗಲಿಗೆ ಹಾಕಿದ. ಕೆಸರಾಗಿ ಕುದಿಯುತ್ತಿದ್ದ ಹೊಳೆಯನ್ನು ನೋಡಿದ. ಮುದುಕನಾದ ಮೇಲೆ ಮೀನನ್ನು ಅವನ ಕಾಲಬುಡಕ್ಕೇ ತಂದು ನಿಲ್ಲಿಸಿದ ನೀರು ಅದು. ಇಷ್ಟು ವರ್ಷ ಅದಕ್ಕೆ ಬೈದದ್ದೆಲ್ಲ ನೆನಪಾಗಿ ಟೋಪಿ ತೆಗೆದ.

"ಇರ್ಲಿ ಬಿಡು," ಎಂದ. "ಕಟ್ಟಿದ್ದು ಒಳ್ಳೇದಾಯ್ತು. ಥ್ಯಾಂಕ್ಸ್ ಕಣೇ."

ಆ ಮಾತನ್ನು ಅವನು ಹಗ್ಗಕ್ಕಷ್ಟೇ ಹೇಳಿದ್ದಲ್ಲವೆಂದು ಆರ್ಡಿಸ್‌ಗೆ ತಿಳಿಯಿತು. ಅವಳು ಫ್ಲಾಸ್ಕು ಅಲ್ಲಾಡಿಸಿ ನೋಡಿದಳು.

"ಕಾಫಿ ಇನ್ನೂ ಇದೆ," ಎಂದು ಉರುಳಿದ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು.