ಬೇಲಿಗೆ ಬಿದ್ದ ಬಣ್ಣ

ಹದಿಮೂರನೆಯ ದಿನಕ್ಕೆ ಬಂದವರೆಲ್ಲ ಹೊರಟುಹೋದ ಮರುದಿನ, ಪ್ರಾಸ್ಪರ್ ಊರಿನ ಆ ಹೊಸ ಬೀದಿಗೆ ಕಸದ ಲಾರಿ ಎಂದಿನಂತೆ ಏಳೂಕಾಲಿಗೆ ಬಂತು. ಸುಪ್ರಜಾ ತೊಟ್ಟಿಯನ್ನು ತಳ್ಳಿಕೊಂಡು ಹೊರಗೆ ಬಂದಳು. ಅದು ಅವಳ ಗಂಡ ಮಧ್ವೇಶನ ಕೆಲಸವಾಗಿತ್ತು. ಬಾಗಿಲಿಗೆ ಬಡಾವಣೆಯ ಸಂಘದವರ ಚೀಟಿ ಅಂಟಿತ್ತು. ಹಿತ್ತಲ ಬೇಲಿಯ ಮೇಲಿನ ಕಲೆಯನ್ನು ನೀವು ಇನ್ನೂ ತೆಗೆಸಿಲ್ಲ. ಇಂದು ಹತ್ತಕ್ಕೆ ನಮ್ಮವರೇ ಬಂದು ತೊಳೆಯುತ್ತಾರೆ.

ಕಲೆ ಎಂದರೆ ಹಲಗೆ ಬೇಲಿಯ ಮೇಲೆ ಅಂಗೈಯಗಲದ ಕಿತ್ತಳೆ ಬಣ್ಣ. ಮಧ್ವೇಶ ಹೊಡೆದದ್ದು.

ಆಸ್ಟಿನ್‌ನಲ್ಲಿದ್ದಾಗಿನಿಂದ ಅವನಿಗೆ ಬಣ್ಣದ ಗುಂಡು ಹಾರಿಸುವ ಪೇಂಟ್‌ಬಾಲ್ ಆಟದ ಹುಚ್ಚು. ಭಾನುವಾರವಾದರೆ ಟೇಲರ್ ಊರಿನ ಹತ್ತಿರದ ಮೈದಾನ. ಆದರೆ ಆರು ವರ್ಷದಲ್ಲಿ ಯಾರ ಮೇಲೂ ಒಂದು ಗುಂಡು ಹಾರಿಸಿದವನಲ್ಲ. ಪೊದೆಯಿಂದ ಪೊದೆಗೆ ಸದ್ದಿಲ್ಲದೆ ಸರಿದು ಎದುರಾಳಿಗಳ ಬಾವುಟ ಕಿತ್ತು ತರುತ್ತಿದ್ದ. ಗೆಳೆಯರು ಗೇಲಿ ಮಾಡಿದರೆ ಆಟದ ಚರಿತ್ರೆ ತೆಗೆಯುತ್ತಿದ್ದ. ೧೯೮೧ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಕಾಡಿನಲ್ಲಿ ಹನ್ನೆರಡು ಜನ ಇದನ್ನು ಮೊದಲ ಸಲ ಆಡಿದರು. ಪಟ್ಟಣದವನು ಉಳಿಯುತ್ತಾನೋ ಕಾಡು ಬಲ್ಲವನೋ ಎಂಬ ವಾದ ಅವರದು. ಕೈಯಲ್ಲಿದ್ದದ್ದು ಮರಕ್ಕೆ, ದನಕ್ಕೆ ಬಣ್ಣದ ಗುರುತು ಹಾಕುವ ಪಿಸ್ತೂಲು. ಗೆದ್ದವನು ಕಾಡಿನ ಕೆಲಸದವನು, ಒಂದು ಗುಂಡನ್ನೂ ಹಾರಿಸದೆ.

ಕಳೆದ ತಿಂಗಳು ಅಂಥದೇ ಪಿಸ್ತೂಲನ್ನು ಹ್ಯೂಸ್ಟನ್‌ನ ವೆಂಕಟಗಿರಿ ಅಂಕಲ್‌ರಿಂದ ಎರವಲು ತಂದಿದ್ದ. ಅವರು ಧಾರವಾಡದವರು, ದನದ ಡಾಕ್ಟರು. ಒಂದು ಕಾಲಕ್ಕೆ ಲಸಿಕೆಯಾದ ದನಗಳಿಗೆ ಅದರಿಂದಲೇ ಗುರುತು ಹಾಕಿದವರು.

"ಬರೀ ಲೆಕ್ಚರ್ ಕೊಡ್ತೀಯ. ಒಂದಾದ್ರೂ ಹೊಡಿಯೋ, ಪುಕ್ಕಲ!" ಎಂದಿದ್ದಳು ಸುಪ್ರಜಾ.

"ಯಾರಿಗೆ, ನಿಂಗಾ?"

"ಬೇಲಿಗೆ ಹೊಡಿ. ಅದು ಓಡಿಹೋಗಲ್ಲ."

ಹೊಡೆದ. ಅದಾಗಿ ಒಂಬತ್ತು ದಿನಕ್ಕೆ ಲಾಸ್ ಕೊಲಿನಾಸ್‌ನಲ್ಲಿ, ಆಫೀಸಿನ ಪಾರ್ಕಿಂಗ್‌ನಲ್ಲಿ, ಕಾರಿನೊಳಗೇ ಅವನ ಹೃದಯ ನಿಂತಿತು.

ಪೇಂಟ್‌ಬಾಲ್ ಬಣ್ಣ ನೀರಿಗೆ ಹೋಗುತ್ತದೆ. ಅವನ ಅಂಗಿಗಳನ್ನು ಒಗೆದವಳಿಗೆ ಅದು ಗೊತ್ತು. ಸಂಘಕ್ಕೆ ಫೋನ್ ಮಾಡಿದಳು, ಯಂತ್ರ ಮಾತಾಡಿತು. ಮತ್ತೆ ಮಾಡಿದಳು. ಮತ್ತೆ. ಹದಿಮೂರು ದಿನ ಅಳದೆ ಇದ್ದವಳು ಈಗ ಓಡಿ ಅವನ ಕಪಾಟು ತೆರೆದಳು. ಪಿಸ್ತೂಲಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಕಲ್ ನಂಬರ್ ಇತ್ತು. ಒಳಗೆ, ಪಿಸ್ತೂಲಿನ ಪಕ್ಕದಲ್ಲಿ, ಇನ್ನೊಂದು ಕಿತ್ತಳೆ ಗುಂಡು.

"ಅಂಕಲ್, ಸುಪ್ರಜಾ. ಆ ಬಣ್ಣ ನೀರು ಹೊಡೆದ್ರೆ ಹೋಗುತ್ತಾ?"

"ನೀರಿಗೆ ಹೋಗೂದು ಈಗಿನ ಆಟದ ಬಣ್ಣ, ಅವ್ವಾ. ಇದು ಎಣ್ಣಿ ಬಣ್ಣ. ಮರದ ಮ್ಯಾಲೆ ಮಳಿ ಬಿಸಿಲು ತಡೀಬೇಕಿತ್ತಲ್ಲ. ಟರ್ಪೆಂಟೈನ್ ಹಾಕಿ ತಿಕ್ಕಿದ್ರ ಹೋಗ್ತದ ನೋಡು."

"ಅವರು ಏನಾದ್ರೂ ತಂದು ತಿಕ್ಕೇ ತಿಕ್ತಾರೆ. ಇಲ್ಲಾಂದ್ರೆ ಮೇಲೆ ಬೇರೆ ಬಣ್ಣ ಬಳಿತಾರೆ. ಹತ್ತು ಗಂಟೆಗೆ ಬರ್ತಾರೆ ಅಂಕಲ್!"

"ಹೋಗ್ಲಿ ಬಿಡವಾ, ಒಂದು ಬಣ್ಣದ ಕಲಿ..."

"ಅವನು ಹೊಡೆದಿದ್ದು ಅದೊಂದೇ."

"ಹಲಗಿಗೆ ಮೊಳಿ ಹೊಡದಾರೋ, ಸ್ಕ್ರೂ ಹಾಕ್ಯಾರೋ?"

ಮೊಳೆ. ಆರು ಮೊಳೆ. ಸುತ್ತಿಗೆಯ ಹಿಂಬದಿಯಿಂದ ಮೀಟಿದಳು, ಜಗ್ಗಿದಳು, ಕೊನೆಗೆ ಬೇಲಿಗೆ ಕಾಲು ಕೊಟ್ಟು ಎಳೆದಳು. ಅಂಗೈ ತರಚಿತು. ಹತ್ತಕ್ಕೆ ಐದು ನಿಮಿಷವಿರುವಾಗ ಹಲಗೆ ಕೈಗೆ ಬಂತು. ಕಂಡಿಯಿಂದ ಪಕ್ಕದ ಮನೆಯ ನಾಯಿ ಮೂಗು ತೂರಿಸಿತು.

ಹಲಗೆಯನ್ನು ಕಾರಿನಲ್ಲಿ ಓರೆಯಾಗಿ ಮಲಗಿಸಿ, ಸೀಟ್ ಬೆಲ್ಟ್ ಬಿಗಿದು, ದಕ್ಷಿಣಕ್ಕೆ, ಹ್ಯೂಸ್ಟನ್‌ಗೆ, ಐದು ಗಂಟೆ ಡ್ರೈವ್ ಮಾಡಿದಳು. ಸಂಘದವರು ಬರುವ ಮನೆಯಲ್ಲಿ ನಿಲ್ಲಲು ಧೈರ್ಯವಿರಲಿಲ್ಲ. ಹೋಗಲು ಬೇರೆ ಜಾಗವೂ ಇರಲಿಲ್ಲ.

ವೆಂಕಟಗಿರಿ ಗೇಟಿನಲ್ಲೇ ಕಾಯುತ್ತಿದ್ದರು. ಕಾರಿನೊಳಗೆ ಇಣುಕಿ ಹಲಗೆಯನ್ನು ನೋಡಿದರು. ಅವಳು ಪಿಸ್ತೂಲಿನ ಪೆಟ್ಟಿಗೆ ನೀಡಿದಾಗ ಕೈ ಹಿಂದೆಗೆದರು.

"ನೀನ ಇಟ್ಕೋ."

"ಎರವಲು ತಂದಿದ್ದು ಅಂಕಲ್. ಇವತ್ತು ವಾಪಸ್ ಕೊಡಬೇಕು ಅಂತ ಕ್ಯಾಲೆಂಡರ್‌ನಲ್ಲಿ ಬರೆದಿದ್ದ."

ಅವರು ಮುಚ್ಚಳ ತೆಗೆದು ಪಿಸ್ತೂಲನ್ನು ಸವರಿದರು. "ಗುಂಡು ಎರಡು ಒಯ್ದಿದ್ದ. ಇನ್ನೊಂದು ಎಲ್ಲಿಟ್ಟಾನೋ ಏನೋ. ಇರಲಿ, ಒಳಗ ಬಾ, ಊಟ ಮಾಡು."

ಅವಳು ಕದಲಲಿಲ್ಲ. ಅವರು ಇನ್ನು ಕೇಳುವವರಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

"ಅಂಕಲ್."

ಎಡಗೈ ಚಾಚಿದಳು. ದಾರಿಯುದ್ದಕ್ಕೂ ಮುಚ್ಚಿಯೇ ಇದ್ದ ಮುಷ್ಟಿ ಸುಲಭವಾಗಿ ಬಿಚ್ಚಿಕೊಳ್ಳಲಿಲ್ಲ. ಬಲಗೈಯಿಂದ ಒಂದೊಂದೇ ಬೆರಳು ಬಿಡಿಸಿ, ಬೆವರಿಗೆ ಮೆತ್ತಗಾಗಿದ್ದ ಗುಂಡನ್ನು ಒಡೆಯದಂತೆ ಅವರ ಅಂಗೈಯಲ್ಲಿಟ್ಟಳು.